ನಮ್ಮವರ ಬ್ಯಾಂಕೇ ಇರಲಿ, ಕೇಳಿ ನೋಡಿಯೇ ದುಡ್ಡು ಇಡಿ

ಮುಂಬಯಿಯ ಕನ್ನಡಿಗರು ಬ್ಯಾಂಕ್ ಆರಿಸುವ ರೀತಿ ನಿಮಗೂ ಗೊತ್ತಿರುತ್ತದೆ. ಕೌಂಟರಿನಲ್ಲಿ ಊರ ಕಡೆಯ ಹುಡುಗ ಕೂತಿರುತ್ತಾನೆ, ಮ್ಯಾನೇಜರು ಸಂಘದ ಕಾರ್ಯಕ್ರಮದಲ್ಲಿ ಸಿಗುತ್ತಾರೆ, ನಿರ್ದೇಶಕರೊಬ್ಬರು ಯಕ್ಷಗಾನಕ್ಕೆ ದೇಣಿಗೆ ಕೊಟ್ಟವರು, ಅಷ್ಟು ಸಾಕು, ಎಫ್‌ಡಿ ಅಲ್ಲೇ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕರಾವಳಿಯ ಬ್ಯಾಂಕುಗಳು ಹುಟ್ಟಿದ್ದೇ ಹೀಗೆ. ಕೆನರಾ 1906, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಮುಂಬಯಿಯಲ್ಲೂ ಅಷ್ಟೇ. ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಬ್ಯಾಂಕ್ ಕಟ್ಟಿದರು, ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿದರು.

ಆದರೆ ಪಿಎಂಸಿ, ಅಂದರೆ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ದುಡ್ಡಿಟ್ಟವರೂ ಹೀಗೇ ನಂಬಿದ್ದರು. ಅಲ್ಲಿ ಎಷ್ಟೋ ಪಂಜಾಬಿ ಕುಟುಂಬಗಳು, ಗುರುದ್ವಾರಗಳು ‘ನಮ್ಮವರದು’ ಅಂತಲೇ ಹಣ ಇಟ್ಟಿದ್ದವು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಮೊದಲು ತೆಗೆಯಲು ಬಿಟ್ಟಿದ್ದು ಖಾತೆಗೆ ಬರೀ 1,000 ರೂಪಾಯಿ. ಕೌಂಟರಿನ ಸಿಬ್ಬಂದಿ ಒಳ್ಳೆಯವರೇ ಇದ್ದರು. ಅವರಿಗೂ ಏನೂ ಗೊತ್ತಿರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ. ಪರಿಚಯ ಬೇರೆ, ಭರವಸೆ ಬೇರೆ. ಕಾಗದ ನೋಡಿ, ಪ್ರಶ್ನೆ ಕೇಳಿ, ಆಮೇಲೆ ನಂಬಿ. ಹೀಗೆ ಕೇಳುವ ಗ್ರಾಹಕರು ಜಾಸ್ತಿ ಆದಷ್ಟೂ ಬ್ಯಾಂಕು ನೆಟ್ಟಗಿರುತ್ತದೆ. ಯಾರೂ ಕೇಳದ ಕಡೆಯೇ ಒಳಗೊಳಗೆ ಹುಳುಕು ಬೆಳೆಯುವುದು. ಏನು ಕೇಳಬೇಕು, ಎಲ್ಲಿ ನೋಡಬೇಕು ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಇದು ಬ್ಯಾಂಕೇ ಹೌದಾ?

ಮೊದಲನೇ ಪ್ರಶ್ನೆ ಇದು, ಮತ್ತು ಜನ ಕೇಳದೇ ಇರುವ ಪ್ರಶ್ನೆಯೂ ಇದೇ. ಡೊಂಬಿವಲಿ, ಭಾಂಡುಪ್, ನಾಲಾಸೊಪಾರಾ, ಎಲ್ಲಿ ನೋಡಿದರೂ ಗಲ್ಲಿಗೊಂದು ಪತ್‌ಪೇಢಿ ಇದೆ. ಗಾಜಿನ ಬಾಗಿಲು, ಎಸಿ, ಪಾಸ್‌ಬುಕ್, ಲಾಕರ್, ನೋಡಲು ಥೇಟ್ ಬ್ಯಾಂಕೇ. ಆದರೆ ಪತ್‌ಪೇಢಿ ಅಂದರೆ ಪತ್ತಿನ ಸಹಕಾರಿ ಸಂಘ. ಅದಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವುದಿಲ್ಲ, ಅಲ್ಲಿಟ್ಟ ಠೇವಣಿಗೆ ವಿಮೆಯೂ ಇಲ್ಲ. ಮುಳುಗಿದರೆ ಸಹಕಾರ ಇಲಾಖೆಯ ಕಚೇರಿಗೆ ಅಲೆಯಬೇಕು, ಅಷ್ಟೇ. ಎಲ್ಲ ಪತ್‌ಪೇಢಿಗಳೂ ಕೆಟ್ಟವು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ಆದರೆ ನಿವೃತ್ತಿಯ ಹಣ ಪೂರ್ತಿ ಅಲ್ಲಿ ಇಡುವುದು ಬೇಡ.

ಬ್ಯಾಂಕು ಹೌದೋ ಅಲ್ಲವೋ ನೋಡುವುದು ಸುಲಭ. ಡಿಐಸಿಜಿಸಿ ಅಂತ ರಿಸರ್ವ್ ಬ್ಯಾಂಕಿನದೇ ಒಂದು ಸಂಸ್ಥೆ ಇದೆ, ಠೇವಣಿ ವಿಮೆ ಕೊಡುವುದು ಅದೇ. ಅದರ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ. ನಿಮ್ಮ ಬ್ಯಾಂಕಿನ ಹೆಸರು ಅದರಲ್ಲಿ ಪೂರ್ತಿ, ಅಕ್ಷರಕ್ಕೆ ಅಕ್ಷರ ಇದೆಯಾ ನೋಡಿ. ಹೆಸರು ಹತ್ತಿರ ಹತ್ತಿರ ಇರುವ ಬೇರೆ ಸಂಸ್ಥೆಗಳೂ ಇರುತ್ತವೆ, ಮೋಸ ಹೋಗಬೇಡಿ.

ಪಿಗ್ಮಿ ಕಟ್ಟುವವರಿಗೆ ಒಂದು ಮಾತು. ಪಿಗ್ಮಿ ನಮ್ಮ ಊರಿನದೇ ಕೂಸು, ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು. ಹೋಟೆಲಿನ ಗಲ್ಲಾದ ಹತ್ತಿರ ಬಂದು ಕಲೆಕ್ಷನ್ ಮಾಡುವ ಏಜೆಂಟು ಒಳ್ಳೆಯವನೇ ಇರಬಹುದು, ಆದರೂ ಕಟ್ಟಿದ ದುಡ್ಡು ಖಾತೆಗೆ ಜಮಾ ಆದ ಮೆಸೇಜ್ ಬರುತ್ತದಾ ನೋಡಿ. ಮೆಸೇಜ್ ಬರದಿದ್ದರೆ ಆಗಾಗ ಬ್ರಾಂಚಿಗೇ ಹೋಗಿ ಎಂಟ್ರಿ ಹಾಕಿಸಿ. ಏಜೆಂಟಿಗೆ ಬೇಜಾರಾಗುತ್ತದೆ ಅಂತ ಸುಮ್ನೆ ಇರಬೇಡಿ.

5 ಲಕ್ಷದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ

ನಮ್ಮ ದೇಶದಲ್ಲಿ ಠೇವಣಿ ವಿಮೆ ಶುರುವಾಗಿದ್ದು 1962ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ ಲಕ್ಷ್ಮಿ ಬ್ಯಾಂಕು ಮತ್ತು ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿ ಜನ ಗಾಬರಿಯಾಗಿದ್ದರು. ಆಗ ಮಿತಿ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷ ಆಯಿತು. ಆಮೇಲೆ ಇಪ್ಪತ್ತಾರು ವರ್ಷ ಯಾರೂ ಮುಟ್ಟಲಿಲ್ಲ. ಪಿಎಂಸಿ ಗಲಾಟೆ ಆದಮೇಲೆ, 2020ರ ಫೆಬ್ರವರಿ 4ರಿಂದ, 5 ಲಕ್ಷ ಆಯಿತು. ಪ್ರೀಮಿಯಂ ಬ್ಯಾಂಕೇ ಕಟ್ಟುತ್ತದೆ, ನೀವು ಏನೂ ಕೊಡಬೇಕಾಗಿಲ್ಲ.

ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಮುಂದಿನದರಲ್ಲಿ.

ಮೊದಲನೆಯದು, 5 ಲಕ್ಷ ಅಂದರೆ ಅಸಲು ಮತ್ತು ಬಡ್ಡಿ ಎರಡೂ ಸೇರಿ. 5 ಲಕ್ಷದ ಎಫ್‌ಡಿ ಮಾಡಿದರೆ ಅದರ ಮೇಲೆ ಬೆಳೆದ ಬಡ್ಡಿಗೆ ವಿಮೆ ಇಲ್ಲ. ಐದು ವರ್ಷಕ್ಕೆ, ಶೇ. 7.5ರ ಬಡ್ಡಿಗೆ, ಬಡ್ಡಿ ಅಸಲಿಗೇ ಸೇರುವಂತೆ ಇಟ್ಟರೆ ಸುಮಾರು 3.4 ಲಕ್ಷ ಇಟ್ಟಾಗಲೇ ಕೊನೆಗೆ 5 ಲಕ್ಷದ ಹತ್ತಿರ ಬಂದುಬಿಡುತ್ತದೆ. ಎಫ್‌ಡಿ ಮಾಡುವಾಗಲೇ ಮುಗಿಯುವ ದಿನದ ಮೊತ್ತ ನೋಡಿ ಲೆಕ್ಕ ಹಾಕಿ.

ಎರಡನೆಯದು, ಮಿತಿ ಇರುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬ್ರಾಂಚಿಗೆ ಅಲ್ಲ. ಮಾಟುಂಗಾ ಬ್ರಾಂಚಿನಲ್ಲಿ 4 ಲಕ್ಷ, ಮುಲುಂಡ್ ಬ್ರಾಂಚಿನಲ್ಲಿ 4 ಲಕ್ಷ ಇಟ್ಟು ನೆಮ್ಮದಿಯಾಗಿ ಇರುವವರನ್ನು ನೋಡಿದ್ದೇನೆ. ಬ್ಯಾಂಕು ಒಂದೇ ಆದರೆ ಒಟ್ಟು 5 ಲಕ್ಷಕ್ಕೇ ವಿಮೆ. ಎಸ್‌ಬಿ, ಎಫ್‌ಡಿ, ಆರ್‌ಡಿ, ಕರೆಂಟ್ ಖಾತೆ ಎಲ್ಲ ಸೇರಿಸಿಯೇ ಲೆಕ್ಕ.

ಮೂರನೆಯದು ಹೋಟೆಲು, ಕ್ಯಾಟರಿಂಗ್, ಅಂಗಡಿ ನಡೆಸುವವರಿಗೆ. ನೀವೊಬ್ಬರೇ ಮಾಲೀಕರಾಗಿ ಅಂಗಡಿಯ ಹೆಸರಿನಲ್ಲಿ ಕರೆಂಟ್ ಖಾತೆ ಇಟ್ಟಿದ್ದರೆ ಅದನ್ನೂ ನಿಮ್ಮ ಸ್ವಂತ ಖಾತೆಯ ಜೊತೆ ಕೂಡಿಸುತ್ತಾರೆ. ದಿನದ ಗಲ್ಲಾ, ಮಗಳ ಮದುವೆಗೆ ಇಟ್ಟ ಎಫ್‌ಡಿ, ಎಲ್ಲ ಒಂದೇ 5 ಲಕ್ಷದೊಳಗೆ. ಪಾರ್ಟ್‌ನರ್‌ಶಿಪ್ ಫರ್ಮಿನ ಖಾತೆ ಮಾತ್ರ ಬೇರೆ ಲೆಕ್ಕ. ಜಂಟಿ ಖಾತೆಯಲ್ಲಿ ಒಂದು ಸೂಕ್ಷ್ಮ ಇದೆ, ಗಂಡ-ಹೆಂಡತಿ ಅನ್ನುವ ಕ್ರಮದಲ್ಲಿ ಒಂದು, ಹೆಂಡತಿ-ಗಂಡ ಅನ್ನುವ ಕ್ರಮದಲ್ಲಿ ಇನ್ನೊಂದು ಇದ್ದರೆ ಅವೆರಡೂ ಬೇರೆ ಬೇರೆ ಅಂತ ಲೆಕ್ಕ. ಕಾನೂನಿನ ಪ್ರಕಾರ ಇದು ಸರಿ, ಆದರೆ ಈ ಲೆಕ್ಕಾಚಾರಕ್ಕಿಂತ ಇನ್ನೊಂದು ಬ್ಯಾಂಕಿಗೆ ಹೋಗುವುದೇ ನೇರ ದಾರಿ.

ಇನ್ನೊಂದು, ನಿಮಗೆ ಆ ಬ್ಯಾಂಕಿನಲ್ಲಿ ಸಾಲ ಇದ್ದರೆ ಬಾಕಿಯನ್ನು ಕಳೆದು ಉಳಿದದ್ದು ಕೊಡುವ ಹಕ್ಕು ಬ್ಯಾಂಕಿಗಿದೆ. ಮತ್ತು ಸಹಕಾರಿ ಬ್ಯಾಂಕಿನ ಷೇರು ಠೇವಣಿ ಅಲ್ಲ. ಅದಕ್ಕೆ ವಿಮೆಯೇ ಇಲ್ಲ. 2022ರ ಜನವರಿ 25ರಂದು ಪಿಎಂಸಿ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾದಾಗ ಷೇರು ಬಂಡವಾಳ ಸೊನ್ನೆಯಾಯಿತು. 5 ಲಕ್ಷಕ್ಕಿಂತ ಹೆಚ್ಚು ಇಟ್ಟವರಿಗೆ ಉಳಿದ ಹಣ ಹತ್ತು ವರ್ಷದವರೆಗೆ ಕಂತುಗಳಲ್ಲಿ. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷ ಅಂದರೆ ಏನು, ನೀವೇ ಹೇಳಿ.

ಬ್ಯಾಲೆನ್ಸ್ ಶೀಟು ಓದಲು ಸಿಎ ಆಗಬೇಕಿಲ್ಲ

ಬ್ಯಾಂಕಿನ ವಾರ್ಷಿಕ ವರದಿ ವೆಬ್‌ಸೈಟಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಬ್ರಾಂಚಿನಲ್ಲಿ ಕೇಳಿ. ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಫೋಟೊ, ಸನ್ಮಾನ, ದೀಪ ಬೆಳಗುವುದು, ಅದೆಲ್ಲ ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಲೆಕ್ಕದ ಟಿಪ್ಪಣಿಗಳು ಇರುತ್ತವೆ. ಅಲ್ಲಿ ಕೆಲವೇ ಸಂಖ್ಯೆ ಹುಡುಕಿ.

ಸಿಆರ್‌ಎಆರ್ ಅಂದರೆ ಪೆಟ್ಟು ಬಿದ್ದರೆ ತಡೆದುಕೊಳ್ಳಲು ಬ್ಯಾಂಕಿನ ಸ್ವಂತ ಬಂಡವಾಳ, ಕೊಟ್ಟ ಸಾಲ ಮತ್ತು ಹೂಡಿಕೆಯ ಅಪಾಯಕ್ಕೆ ಹೋಲಿಸಿದರೆ, ಶೇಕಡಾ ಎಷ್ಟಿದೆ ಅನ್ನುವುದು. ಸಣ್ಣ ನಗರ ಸಹಕಾರಿ ಬ್ಯಾಂಕಿಗೆ ಕನಿಷ್ಠ ಶೇ. 9, ಠೇವಣಿ 100 ಕೋಟಿ ದಾಟಿದ ಬ್ಯಾಂಕುಗಳಿಗೆ ಸಾಮಾನ್ಯವಾಗಿ ಶೇ. 12. ನಿಮ್ಮ ಬ್ಯಾಂಕು ಈ ಗೆರೆಯ ಮೇಲೆ ಆರಾಮಾಗಿ ಇದೆಯಾ, ಇಲ್ಲಾ ಗೆರೆಗೆ ಅಂಟಿಕೊಂಡಿದೆಯಾ ನೋಡಿ. ಆಮೇಲೆ ನಿವ್ವಳ ಎನ್‌ಪಿಎ, ಅಂದರೆ ವಾಪಸ್ ಬಾರದೆ ನಿಂತ ಸಾಲದಲ್ಲಿ, ಆ ನಷ್ಟಕ್ಕೆಂದು ಬ್ಯಾಂಕು ತೆಗೆದಿಟ್ಟ ಹಣ ಕಳೆದು ಉಳಿಯುವ ಪಾಲು. ಶೇ. 3ರ ಒಳಗಿದ್ದರೆ ಒಳ್ಳೆಯದು. ಸ್ವಲ್ಪ ದೊಡ್ಡ ಬ್ಯಾಂಕುಗಳಲ್ಲಿ ಶೇ. 6 ದಾಟಿದರೆ ರಿಸರ್ವ್ ಬ್ಯಾಂಕೇ ಕಡಿವಾಣ ಹಾಕುತ್ತದೆ. ಒಂದು ವರ್ಷದ ಸಂಖ್ಯೆ ನೋಡಿ ಬಿಡಬೇಡಿ, ಮೂರ್ನಾಲ್ಕು ವರ್ಷದ್ದು ಸಾಲಾಗಿ ಇಟ್ಟು ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸಾಲು ಬೇರೆಯೇ ಇದೆ. ‘ಇಪ್ಪತ್ತು ಅತಿ ದೊಡ್ಡ ಸಾಲಗಾರರಿಗೆ ಕೊಟ್ಟ ಸಾಲ’ ಅಂತ ಒಂದು ಸಂಖ್ಯೆ ಕೊಡಲೇಬೇಕು, ಒಟ್ಟು ಸಾಲದಲ್ಲಿ ಅದು ಶೇಕಡಾ ಎಷ್ಟು ಅಂತಲೂ. ನಿಮ್ಮ ನೂರು ರೂಪಾಯಿಯಲ್ಲಿ ನಲವತ್ತು ಇಪ್ಪತ್ತೇ ಜನರ ಕೈಯಲ್ಲಿದ್ದರೆ, ಅವರಲ್ಲಿ ಬಿಲ್ಡರುಗಳೇ ಜಾಸ್ತಿ ಇದ್ದರೆ, ಆ ಬ್ಯಾಂಕಿನ ಹಣೆಬರಹ ಅವರ ಕೈಯಲ್ಲಿದೆ ಅಂತ ಅರ್ಥ.

ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಪಿಎಂಸಿಯ ಕಾಗದದಲ್ಲಿ ಎನ್‌ಪಿಎ ಶೇ. 4ಕ್ಕಿಂತ ಕಡಿಮೆ ಇತ್ತು. ನಿಜದಲ್ಲಿ ಶೇ. 70ಕ್ಕೂ ಹೆಚ್ಚು ಸಾಲ ಎಚ್‌ಡಿಐಎಲ್ ಅನ್ನುವ ಒಂದೇ ಬಿಲ್ಡರ್ ಗುಂಪಿಗೆ ಹೋಗಿತ್ತು, ಅದನ್ನು ಮುಚ್ಚಲು 21,000ಕ್ಕೂ ಹೆಚ್ಚು ನಕಲಿ ಖಾತೆ ತೋರಿಸಿದ್ದರು. ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನದು ಇನ್ನೊಂದು ಬಗೆ. ಪ್ರಭಾದೇವಿ ಮತ್ತು ಗೋರೆಗಾಂವ್‌ನ ತಿಜೋರಿಯಲ್ಲಿ ಇರಬೇಕಿದ್ದ ನಗದಿನಲ್ಲಿ 122 ಕೋಟಿ ಕಾಣೆಯಾಗಿದೆ ಅನ್ನುವ ಆರೋಪ. ಬ್ಯಾಲೆನ್ಸ್ ಶೀಟಿನಲ್ಲಿ ಸುಳ್ಳು ಬರೆದರೆ ಓದುವ ನೀವು ಏನು ಮಾಡಲು ಸಾಧ್ಯ? ಹಾಗಂತ ಓದದೆ ಇರಬೇಡಿ, ಸುಳ್ಳು ಬರೆಯದೆ ಮುಳುಗುವ ಬ್ಯಾಂಕುಗಳೂ ಇವೆ, ಅವುಗಳ ವರದಿಯಲ್ಲೇ ವರ್ಷಗಟ್ಟಲೆ ಮೊದಲು ಸುಳಿವು ಇರುತ್ತದೆ. ಆದರೆ ಓದಿದ ಮೇಲೂ ದುಡ್ಡು ಹಂಚಿಯೇ ಇಡಿ.

ಬಡ್ಡಿಯ ವಿಷಯ ಎರಡೇ ಮಾತು. ಸರಕಾರಿ ಬ್ಯಾಂಕಿಗಿಂತ ಅರ್ಧ ಪರ್ಸೆಂಟ್ ಜಾಸ್ತಿ ಕೊಡುವುದು ಮಾಮೂಲು. ಸುತ್ತಲಿನ ಸಹಕಾರಿ ಬ್ಯಾಂಕುಗಳೆಲ್ಲಕ್ಕಿಂತ ಎರಡು ಪರ್ಸೆಂಟ್ ಜಾಸ್ತಿ ಕೊಡುತ್ತೇವೆ ಅಂದರೆ ಅವರಿಗೆ ದುಡ್ಡಿನ ತುರ್ತು ಇದೆ ಅಂತ ತಿಳಿಯಿರಿ.

ಸಭೆಗೆ ಊಟಕ್ಕೆ ಮಾತ್ರ ಹೋಗಬೇಡಿ

ಸಹಕಾರಿ ಬ್ಯಾಂಕಿನಲ್ಲಿ ಷೇರು ಇದ್ದರೆ ನೀವು ಸದಸ್ಯರು, ಮಾಲೀಕರಲ್ಲಿ ಒಬ್ಬರು. ಷೇರು ಹತ್ತಿರಲಿ, ಹತ್ತು ಸಾವಿರ ಇರಲಿ, ಒಬ್ಬರಿಗೆ ಒಂದೇ ಮತ. ಇದು ಸಹಕಾರಿ ವ್ಯವಸ್ಥೆಯ ದೊಡ್ಡ ಬಲ, ನಾವು ಹಾಳು ಮಾಡಿಕೊಂಡಿರುವುದೂ ಇದನ್ನೇ. ವಾರ್ಷಿಕ ಸಭೆ ಸೆಪ್ಟೆಂಬರ್ ಕೊನೆಯೊಳಗೆ ನಡೆಯುತ್ತದೆ. ಹಾಲ್ ತುಂಬಿರುತ್ತದೆ, ಡಿವಿಡೆಂಡ್ ಘೋಷಣೆಗೆ ಚಪ್ಪಾಳೆ, ‘ಎಲ್ಲರಿಗೂ ಒಪ್ಪಿಗೆ ಅಲ್ವಾ’ ಅಂದರೆ ‘ಹೌದು ಹೌದು’, ಆಮೇಲೆ ಊಟದ ಸಾಲು.

ಬರೀ ಠೇವಣಿ ಇಟ್ಟವರಿಗೆ ಮತ ಇಲ್ಲ, ನಾಮಮಾತ್ರ ಸದಸ್ಯರಿಗೂ ಇಲ್ಲ. ನೀವು ಯಾವುದರಲ್ಲಿ ಬರುತ್ತೀರಿ ಅಂತ ಮೊದಲು ಬ್ರಾಂಚಿನಲ್ಲಿ ಕೇಳಿಕೊಳ್ಳಿ. ಪೂರ್ಣ ಸದಸ್ಯರಾಗಿದ್ದರೆ ಸಭೆಯ ನೋಟಿಸು ಬಂದ ತಕ್ಷಣ ಪ್ರಶ್ನೆಯನ್ನು ಬರೆದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದು ಗದ್ದಲದಲ್ಲಿ ಹೋಗುತ್ತದೆ, ಬರೆದು ಕೊಟ್ಟದ್ದಕ್ಕೆ ಉತ್ತರ ತಪ್ಪಿಸುವುದು ಕಷ್ಟ. ಏನು ಕೇಳಬೇಕು? ಮೇಲಿನ ಇಪ್ಪತ್ತು ಸಾಲಗಾರರ ಪಾಲು ಹೋದ ವರ್ಷಕ್ಕಿಂತ ಹೆಚ್ಚಾಗಿದ್ದು ಯಾಕೆ. ರಿಸರ್ವ್ ಬ್ಯಾಂಕ್ ಈ ವರ್ಷ ದಂಡ ಹಾಕಿದೆಯಾ, ಯಾವ ತಪ್ಪಿಗೆ, ಅದನ್ನು ಸರಿ ಮಾಡಿದಿರಾ. ತಿಜೋರಿಯ ನಗದನ್ನು ಹೊರಗಿನ ಆಡಿಟರ್ ಎಣಿಸಿ ನೋಡಿದ್ದಾರಾ. ನಿರ್ದೇಶಕರಿಗೆ, ಅವರ ಸಂಬಂಧಿಕರಿಗೆ ಸಾಲ ಕೊಡಬಾರದು ಅಂತ 2003ರಿಂದಲೇ ನಿಯಮ ಇದೆ, ಹಳೆಯ ಬಾಕಿ ಏನಾದರೂ ಉಳಿದಿದೆಯಾ.

ನೀವು ಎದ್ದು ನಿಂತರೆ ಹಿಂದಿನ ಸಾಲಿನಿಂದ ಯಾರೋ ‘ಬಿಡ್ರೀ, ನಮ್ಮವರೇ ಅಲ್ವಾ’ ಅನ್ನುತ್ತಾರೆ. ಅನ್ನಲಿ. ಒಳ್ಳೆಯ ನಿರ್ದೇಶಕರಿಗೆ ಇಂಥ ಪ್ರಶ್ನೆ ಬೇಕೇ ಬೇಕು, ಒಳಗೆ ತಪ್ಪು ನಡೆಯುತ್ತಿದ್ದರೆ ಅದನ್ನು ತಡೆಯಲು ಅವರಿಗೂ ಒಂದು ನೆಪ ಸಿಗುತ್ತದೆ.

ದಂಡದ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ರಿಸರ್ವ್ ಬ್ಯಾಂಕ್ ಸಹಕಾರಿ ಬ್ಯಾಂಕುಗಳಿಗೆ ಆಗಾಗ ದಂಡ ಹಾಕುತ್ತಲೇ ಇರುತ್ತದೆ, ದೊಡ್ಡ ಖಾಸಗಿ ಬ್ಯಾಂಕುಗಳಿಗೂ ಹಾಕುತ್ತದೆ. ಕೆವೈಸಿ ಸರಿಯಿಲ್ಲ, ವರದಿ ತಡವಾಯಿತು ಅಂತಲೂ ದಂಡ ಬೀಳುತ್ತದೆ. ದಂಡ ಬಿತ್ತು ಅಂದ ಕೂಡಲೇ ಬ್ಯಾಂಕು ಮುಳುಗಿತು ಅಂತಲ್ಲ, ಕಾರಣ ಓದಿ.

ಸೊಸೈಟಿ ಮತ್ತು ಸಂಘದ ದುಡ್ಡು

ಇದು ನಿಮ್ಮ ಸ್ವಂತ ದುಡ್ಡಿಗಿಂತ ಅಪಾಯದ ಜಾಗ. ನೂರು ಮನೆಯ ಸೊಸೈಟಿಯ ಸಿಂಕಿಂಗ್ ಫಂಡು, ರಿಪೇರಿ ಫಂಡು ಸೇರಿ 80 ಲಕ್ಷ ಒಂದೇ ಬ್ಯಾಂಕಿನಲ್ಲಿ ಇದ್ದರೆ ಪೂರ್ತಿ ಸೊಸೈಟಿಗೆ ವಿಮೆ 5 ಲಕ್ಷವೇ. ಮನೆಗೆ 5 ಲಕ್ಷ ಅಲ್ಲ. ಕನ್ನಡ ಸಂಘದ ಕಟ್ಟಡ ನಿಧಿ, ದೇವಸ್ಥಾನದ ನಿಧಿ, ಶಿಕ್ಷಣ ನಿಧಿಗೂ ಇದೇ. ಪಿಎಂಸಿಯಲ್ಲಿ ಸಂಸ್ಥೆಗಳ ಠೇವಣಿಗೆ ವ್ಯಕ್ತಿಗಳಿಗಿಂತ ಕೆಟ್ಟ ಗತಿ ಬಂತು. ವಿಮೆ ಮೀರಿದ ಮೊತ್ತದಲ್ಲಿ ಶೇ. 80 ಭಾಗವನ್ನು ವರ್ಷಕ್ಕೆ ಶೇ. 1 ಡಿವಿಡೆಂಡ್ ಕೊಡುವ ಪ್ರಿಫರೆನ್ಸ್ ಷೇರಾಗಿ ಬದಲಿಸಿದರು.

ಮಹಾರಾಷ್ಟ್ರದ ಸಹಕಾರಿ ಕಾಯ್ದೆಯ 70ನೇ ಕಲಂ ಸೊಸೈಟಿಗಳು ಹಣ ಎಲ್ಲಿಡಬಹುದು ಅಂತ ಹೇಳುತ್ತದೆ, ಹಾಗಾಗಿ ಕಮಿಟಿಯವರು ‘ನಮ್ಮ ಕೈಯಲ್ಲಿ ಏನಿದೆ’ ಅನ್ನುತ್ತಾರೆ. ಇದೆ. ಆ ಮಿತಿಯೊಳಗೇ ಒಂದರ ಬದಲು ಮೂರು ಬ್ಯಾಂಕು ಆರಿಸಬಹುದು, ಯಾವುದು ನಡೆಯುತ್ತದೆ ಅಂತ ಸೊಸೈಟಿಯ ಆಡಿಟರ್ ಹತ್ತಿರ ಬರೆಸಿಕೊಳ್ಳಬಹುದು. ಖಜಾಂಚಿಯ ಮಗನಿಗೆ ಆ ಬ್ಯಾಂಕಿನಲ್ಲಿ ಕೆಲಸ ಇದೆಯಾ ಅಂತಲೂ ಕೇಳಿ. ಕೇಳುವುದು ಮುಜುಗರದ ವಿಷಯವೇ, ಆದರೂ ಕೇಳಿ.

ಗಾಳಿಸುದ್ದಿ ಬಂದಾಗ, ನಿಜವಾಗಿ ನಿರ್ಬಂಧ ಬಂದಾಗ

ವಾಟ್ಸಾಪಿನಲ್ಲಿ ‘ಈ ಬ್ಯಾಂಕಿನಿಂದ ಇವತ್ತೇ ದುಡ್ಡು ತೆಗೆಯಿರಿ’ ಅಂತ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಎಷ್ಟು ಗಟ್ಟಿ ಬ್ಯಾಂಕಿನಲ್ಲೂ ಎಲ್ಲರ ದುಡ್ಡು ಒಟ್ಟಿಗೆ ನಗದಾಗಿ ಇರುವುದಿಲ್ಲ, ಸಾಲವಾಗಿ ಹೊರಗಿರುತ್ತದೆ. ಎಲ್ಲರೂ ಒಂದೇ ದಿನ ಬಾಗಿಲಿಗೆ ಬಂದರೆ ಸುಳ್ಳು ಸುದ್ದಿಯೂ ನಿಜವಾಗಬಹುದು. 2003ರಲ್ಲಿ ಗುಜರಾತಿನಲ್ಲಿ ಐಸಿಐಸಿಐ ಬ್ಯಾಂಕಿನ ಎಟಿಎಂಗಳ ಮುಂದೆ ಸಾಲು ನಿಂತಿದ್ದು ಬರೀ ಗಾಳಿಸುದ್ದಿಗೆ. ಬ್ಯಾಂಕಿಗೆ ಏನೂ ಆಗಿರಲಿಲ್ಲ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನ ಪತ್ರಿಕಾ ಪ್ರಕಟಣೆಗಳಲ್ಲಿ ಬ್ಯಾಂಕಿನ ಹೆಸರು ಹುಡುಕಿ, ನಿರ್ಬಂಧ ಹಾಕಿದ್ದರೆ ಅಲ್ಲಿ ಇದ್ದೇ ಇರುತ್ತದೆ.

ನಿಜವಾಗಿ ನಿರ್ಬಂಧ ಬಂದಿದ್ದರೆ, ಶಟರಿನ ಮುಂದೆ ನಿಂತು ಕೂಗಿದರೆ ಗಂಟಲು ಹೋಗುತ್ತದೆ ಅಷ್ಟೇ. ಮೊದಲು ಪ್ರಕಟಣೆ ಓದಿ, ಎಷ್ಟು ತೆಗೆಯಬಹುದು ನೋಡಿ. ನಿರ್ಬಂಧ ಅಂದರೆ ಲೈಸೆನ್ಸ್ ರದ್ದು ಅಲ್ಲ. ಪಗಾರ, ಪಿಂಚಣಿ, ಇಎಂಐ, ಕರೆಂಟ್ ಬಿಲ್ಲು ಆ ಖಾತೆಗೆ ಜೋಡಿಸಿದ್ದರೆ ಅದೇ ದಿನ ಬೇರೆ ಖಾತೆಗೆ ಬದಲಿಸಿ. ಇದಕ್ಕಾಗಿಯೇ ಎಲ್ಲರಿಗೂ ಇನ್ನೊಂದು ಬ್ಯಾಂಕಿನಲ್ಲಿ ನಡೆಯುತ್ತಿರುವ ಖಾತೆ ಇರಬೇಕು. ಆ ಬ್ಯಾಂಕಿನಿಂದಲೇ ಸಾಲ ತೆಗೆದಿದ್ದರೆ ಕಂತು ನಿಲ್ಲಿಸಬೇಡಿ.

2021ರ ಸೆಪ್ಟೆಂಬರ್ 1ರಿಂದ ಕಾನೂನು ಬದಲಾಗಿದೆ. ಇಂಥ ನಿರ್ಬಂಧ ಬಂದರೆ 90 ದಿನದೊಳಗೆ 5 ಲಕ್ಷದವರೆಗಿನ ವಿಮೆ ಹಣ ಸಿಗಬೇಕು. ಮೊದಲ 45 ದಿನ ಬ್ಯಾಂಕು ಪಟ್ಟಿ ಮಾಡಿ ಕೊಡಲು, ಉಳಿದ 45 ದಿನ ಡಿಐಸಿಜಿಸಿ ಪರಿಶೀಲಿಸಿ ಕೊಡಲು. ಬ್ಯಾಂಕನ್ನು ಇನ್ನೊಂದಕ್ಕೆ ಸೇರಿಸುವ ಮಾತು ನಡೆದಿದ್ದರೆ ಮಾತ್ರ ಇನ್ನೂ ಸ್ವಲ್ಪ ಮುಂದೆ ಹೋಗಬಹುದು. ಆದರೆ ಹಣ ತಾನಾಗಿ ಬರುವುದಿಲ್ಲ. ಒಪ್ಪಿಗೆ ಪತ್ರ ತುಂಬಿ, ಗುರುತಿನ ದಾಖಲೆ ಮತ್ತು ಬೇರೆ ಬ್ಯಾಂಕಿನ ಖಾತೆಯ ವಿವರ ಕೊಡಬೇಕು. ಕೆವೈಸಿ ಹಳೆಯದಾಗಿದ್ದರೆ, ಹೆಸರಿನಲ್ಲಿ ಇನಿಶಿಯಲ್ ವ್ಯತ್ಯಾಸ ಇದ್ದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮವರಲ್ಲಿ ಆಧಾರಿನಲ್ಲಿ ಊರಿನ ಹೆಸರು, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ಲು, ಪ್ಯಾನಿನಲ್ಲಿ ಅಪ್ಪನ ಹೆಸರು, ಮೂರೂ ಮೂರು ಥರ! ಬ್ಯಾಂಕು ಚೆನ್ನಾಗಿರುವಾಗಲೇ ಸರಿ ಮಾಡಿಸಿ. ನಾಮಿನಿಯನ್ನೂ ಆಗಲೇ ಹಾಕಿಸಿ, 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ಹಾಕಬಹುದು.

ದೂರು ಕೊಡುವುದು

ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರಹದಲ್ಲಿ ಕೊಟ್ಟು ನಂಬರ್ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿ ಅನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಸಿಎಂಎಸ್ ಅನ್ನುವ ಅದರ ಪೋರ್ಟಲಿನಲ್ಲಿ ಹಾಕಿದರಾಯಿತು, ಫೀಸು ಇಲ್ಲ, ವಕೀಲರು ಬೇಡ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ಖಾತೆಯಿಂದ ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ಮಾತ್ರ 30 ದಿನ ಕಾಯುವ ಮಾತೇ ಇಲ್ಲ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಅಪ್ಪ, ಅಮ್ಮ ಹಿಂದೆ ದಾದರಿನಲ್ಲೋ ಫೋರ್ಟಿನಲ್ಲೋ ತೆರೆದು ಮರೆತ ಖಾತೆ ಇದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿನಲ್ಲಿ ಹೆಸರು ಹಾಕಿ ಹುಡುಕಿ. ಕಾರ್ಪೊರೇಷನ್ ಈಗ ಯೂನಿಯನ್ ಬ್ಯಾಂಕು, ಸಿಂಡಿಕೇಟ್ ಈಗ ಕೆನರಾ, ವಿಜಯಾ ಈಗ ಬ್ಯಾಂಕ್ ಆಫ್ ಬರೋಡಾ. ಹೊಸ ಹೆಸರಿನಲ್ಲಿ ಹುಡುಕಿ.

ಕೊನೆಗೆ, ಓದುವವರಲ್ಲಿ ಯಾರಾದರೂ ಸಹಕಾರಿ ಬ್ಯಾಂಕಿನ ನಿರ್ದೇಶಕರಿದ್ದರೆ ಒಂದು ಕೋರಿಕೆ. ಸಿಆರ್‌ಎಆರ್, ನಿವ್ವಳ ಎನ್‌ಪಿಎ, ಮೇಲಿನ ಇಪ್ಪತ್ತು ಸಾಲಗಾರರ ಪಾಲು, ಈ ಮೂರು ಸಂಖ್ಯೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಪ್ರತಿ ಬ್ರಾಂಚಿನ ಬಾಗಿಲ ಹತ್ತಿರ ಹಾಕಿ. ಮೂರು ತಿಂಗಳಿಗೊಮ್ಮೆ ಬದಲಿಸಿ. ಖರ್ಚು ಒಂದು ಹಾಳೆಯದು.